ಮನೇಲಿ ಓದ್ಕೊಳ್ಳಿ ಎಂದು ಬಿಟ್ಟ ಪುಟಗಳು

(ಪ್ರೌಢಶಾಲಾ ವಿಜ್ಞಾನ ಶಿಕ್ಷಕರ ತಾಲ್ಲೂಕು ಕಾರ್ಯಾಗಾರದಲ್ಲಿ ಸ್ತ್ರೀರೋಗ ತಜ್ಞೆಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

2022ರ ನವೆಂಬರ್ ಕೊನೆಯಲ್ಲಿ ಬಂದ ಒಂದು ಸುದ್ದಿ ನಿಮಗೆಲ್ಲ ನೆನಪಿರಬೇಕು. ಮಕ್ಕಳು ಮೊಬೈಲ್ ತರುತ್ತಾರೆ ಎಂಬ ದೂರಿನ ಮೇಲೆ ಬೆಂಗಳೂರಿನ ಕೆಲವು ಶಾಲೆಗಳಲ್ಲಿ 8, 9, 10ನೇ ತರಗತಿಯವರ ಬ್ಯಾಗ್ ತಡಕಿದರು. ಮೊಬೈಲ್ ಸಿಕ್ಕವು. ಜೊತೆಗೆ ಸಿಗರೇಟು, ಲೈಟರ್, ವೈಟ್ನರ್ ಸಿಕ್ಕವು, ಕಾಂಡೋಮ್ ಮತ್ತು ಗರ್ಭನಿರೋಧಕ ಮಾತ್ರೆಗಳೂ ಸಿಕ್ಕವು. ಟಿವಿಯವರಿಗೆ ಹಬ್ಬ. ಪೋಷಕರನ್ನು ಕರೆಸಿದರು, ಆಪ್ತಸಮಾಲೋಚನೆ ಕೊಡಿಸಿ ಎಂದರು, ಕಾಲ ಕೆಟ್ಟಿತು ಎಂದರು.

ಅಷ್ಟು ದಿನದ ಗದ್ದಲದಲ್ಲಿ ನಾನು ಕಾದದ್ದು ಒಂದೇ ಪ್ರಶ್ನೆಗೆ. ಆ ಮಾತ್ರೆ ಯಾವುದು, ಯಾವಾಗ ತೆಗೆದುಕೊಳ್ಳಬೇಕು, ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಆ ಹುಡುಗಿಗೆ ಯಾರಾದರೂ ಎಂದಾದರೂ ಹೇಳಿದ್ದರೇ? ಸಿಗರೇಟು ಮತ್ತು ಕಾಂಡೋಮನ್ನು ಒಂದೇ ಪಟ್ಟಿಯಲ್ಲಿ ಬರೆದೆವು. ಒಂದು ರೋಗ ತರುವ ವಸ್ತು, ಇನ್ನೊಂದು ರೋಗ ತಡೆಯುವ ವಸ್ತು. ಮಕ್ಕಳಿಗೆ ಈ ವ್ಯತ್ಯಾಸ ಗೊತ್ತಿಲ್ಲ ಅಂದರೆ ಒಪ್ಪಬಹುದು. ನಾವೇ ಎರಡನ್ನೂ ಒಂದೇ ಟೇಬಲ್ ಮೇಲೆ ಹರವಿ ಫೋಟೋ ತೆಗೆಯುವವರು!

ಮುಂದೆ 2023ರ ಜನವರಿಯಲ್ಲಿ, 18 ತುಂಬದವರಿಗೆ ಮೆಡಿಕಲ್ ಶಾಪ್‌ಗಳಲ್ಲಿ ಗರ್ಭನಿರೋಧಕ ಮಾರುವಂತಿಲ್ಲವಂತೆ ಎಂಬ ಸುದ್ದಿ ಹಬ್ಬಿತು. ಟೀಕೆ ಬಂದ ಮೇಲೆ ಔಷಧ ನಿಯಂತ್ರಣ ಇಲಾಖೆ, ನಿಷೇಧವೇನಿಲ್ಲ, ಅಂಗಡಿಯವರು ತಿಳಿಹೇಳಲಿ ಎಂಬುದಷ್ಟೇ ಉದ್ದೇಶ ಎಂದು ಸ್ಪಷ್ಟನೆ ಕೊಟ್ಟಿತು. ಯೋಚಿಸಿ ನೋಡಿ. ನಾವು ನೀವು ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಹೇಳದ ಮಾತನ್ನು, ಸಂಜೆ ಏಳರ ರಶ್ಶಿನಲ್ಲಿ, ಹಿಂದೆ ನಾಲ್ಕು ಜನ ಚೀಟಿ ಹಿಡಿದು ನಿಂತಿರುವಾಗ, ಮೆಡಿಕಲ್ ಶಾಪಿನವನು ಹೇಳಬೇಕು.

ಅದೇ ನವೆಂಬರ್‌ನಲ್ಲಿ ಇನ್ನೊಂದು ಘಟನೆ ನಡೆದಿತ್ತು, ಅದಕ್ಕೆ ಇಷ್ಟು ಪ್ರಚಾರ ಸಿಗಲಿಲ್ಲ. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಪ್ರಕರಣವೊಂದರಲ್ಲಿ ತೀರ್ಪು ಕೊಡುತ್ತ, 9ನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಈ ಕಾಯ್ದೆಯ ತಿಳಿವಳಿಕೆ ಕೊಡುವ ವ್ಯವಸ್ಥೆ ಮಾಡಿ ಎಂದು ಶಿಕ್ಷಣ ಇಲಾಖೆಗೆ ಸೂಚಿಸಿತು. ಬ್ಯಾಗ್ ತಡಕಿದ್ದು ಎಲ್ಲರಿಗೂ ನೆನಪಿದೆ. ಇದು ಎಷ್ಟು ಜನಕ್ಕೆ ನೆನಪಿದೆ, ಕೈ ಎತ್ತಿ. ಹ್ಞಾ, ಗೊತ್ತಾಯಿತು.

ಈಗ ನಿಮ್ಮ ಪುಸ್ತಕಕ್ಕೇ ಬರೋಣ. 10ನೇ ತರಗತಿಯ ವಿಜ್ಞಾನದಲ್ಲಿ ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ ಎಂಬ ಅಧ್ಯಾಯ ಇದೆ. ಅದರ ಕೊನೆಗೆ ಸಂತಾನೋತ್ಪತ್ತಿ ಆರೋಗ್ಯ. ಕಾಂಡೋಮ್, ನುಂಗುವ ಮಾತ್ರೆ, ಗರ್ಭಕೋಶದೊಳಗೆ ಇಡುವ ಕಾಪರ್-ಟಿ, ಶಸ್ತ್ರಚಿಕಿತ್ಸೆ, ಎಲ್ಲ ಅಲ್ಲೇ ಇದೆ. ಹೊಸ ಪಠ್ಯ ಬೇಡ, ಹೊಸ ಆದೇಶವೂ ಬೇಡ. ಆದರೆ ತರಗತಿಯಲ್ಲಿ ಏನಾಗುತ್ತದೆ? ಅಮೀಬಾ ಎರಡಾಗುವುದನ್ನು ಬೋರ್ಡ್ ಮೇಲೆ ಬಣ್ಣದ ಚಾಕ್‌ಪೀಸಿನಲ್ಲಿ ಬರೆಯುತ್ತೇವೆ. ದಾಸವಾಳದ ಹೂವು ಕಿತ್ತು ತಂದು ಶಲಾಕೆ, ಕೇಸರ ಬಿಡಿಸಿ ತೋರಿಸುತ್ತೇವೆ. ಮನುಷ್ಯರ ಭಾಗ ಬಂದ ಕೂಡಲೇ, "ಇದನ್ನ ಮನೇಲಿ ಓದ್ಕೊಳ್ಳಿ, ಪರೀಕ್ಷೆಗೆ ಚಿತ್ರ ಬರೆದು ಭಾಗ ಗುರುತಿಸೋದು ಬರಬಹುದು, ಪ್ರಾಕ್ಟೀಸ್ ಮಾಡಿ." ನಗಬೇಡಿ, ನನಗೂ ಹೀಗೇ ಪಾಠ ಆಯಿತು. ಅಂಡನಾಳವನ್ನು ಚೆಂದ ಬರೆದು ಪೂರ್ತಿ ಅಂಕ ತೆಗೆದುಕೊಂಡ ಹುಡುಗಿಗೆ ತನ್ನ ಮುಟ್ಟಿಗೂ ಆ ಚಿತ್ರಕ್ಕೂ ಸಂಬಂಧ ಇದೆ ಎಂದು ಗೊತ್ತಿರುವುದಿಲ್ಲ. ಪಿಯುಸಿಯಲ್ಲಿ ಈ ವಿಷಯ ಮತ್ತೆ ಬರುವುದು ಜೀವಶಾಸ್ತ್ರ ತೆಗೆದುಕೊಂಡವರಿಗೆ ಮಾತ್ರ. ಕಲಾ, ವಾಣಿಜ್ಯಕ್ಕೆ ಹೋಗುವವರಿಗೆ, ಐಟಿಐ ಸೇರುವವರಿಗೆ, ಓದು ಬಿಡುವವರಿಗೆ ನೀವೇ ಕೊನೆಯ ಮೇಷ್ಟ್ರು.

ಅರಿವು ಇಲ್ಲವೇ ಇಲ್ಲ ಎನ್ನುವ ಹಾಗೂ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ವರದಿಯಲ್ಲಿ, ಕನಿಷ್ಠ ಒಂದು ಗರ್ಭನಿರೋಧಕ ವಿಧಾನ ಗೊತ್ತಿದೆ ಎಂದವರು ಹೆಚ್ಚುಕಡಿಮೆ ನೂರಕ್ಕೆ ನೂರು. ಕೇಳಲು ಚೆನ್ನಾಗಿದೆ. ಆದರೆ ಸಮೀಕ್ಷೆಯವರು ಕೇಳುವುದು ಈ ಹೆಸರು ಕೇಳಿದ್ದೀರಾ ಎಂದು. ಜಾಹೀರಾತು ನೋಡಿದವರೆಲ್ಲ ಹೌದು ಎನ್ನುತ್ತಾರೆ. ಬಳಕೆಗೆ ಬಂದರೆ, ಮದುವೆಯಾದ 15ರಿಂದ 19ರ ಹೆಣ್ಣುಮಕ್ಕಳಲ್ಲಿ ಯಾವುದಾದರೂ ವಿಧಾನ ಬಳಸುತ್ತಿರುವವರು ಮೂವರಲ್ಲಿ ಒಬ್ಬರೂ ಇಲ್ಲ. ಗರ್ಭ ಧರಿಸಿದರೆ ಅಪಾಯ ಹೆಚ್ಚಿರುವ ವಯಸ್ಸು ಇದು. ಬಸುರಿನ ನಂಜು, ಹೆರಿಗೆಯ ನಂತರದ ಸೋಂಕು ಇಪ್ಪತ್ತು ದಾಟಿದ ಎಳೆಯ ತಾಯಂದಿರಿಗಿಂತ ಇವರಿಗೇ ಹೆಚ್ಚು.

ಇಲ್ಲಿ ಸ್ವಲ್ಪ ಹಳೆಯ ಕಥೆಗೆ ಹೋಗುತ್ತೇನೆ, ಬೇಸರಿಸಬೇಡಿ. 1930ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣದ ಕ್ಲಿನಿಕ್ಕುಗಳನ್ನು ತೆರೆಯಿತು. ಸರ್ಕಾರವೇ ಮುಂದೆ ನಿಂತು ಹೀಗೆ ಮಾಡಿದ್ದು ಜಗತ್ತಿನಲ್ಲೇ ಮೊದಲು ಎಂದು ಹೇಳುವುದುಂಟು. ದೇಶದ ಕುಟುಂಬ ಯೋಜನೆ ಶುರುವಾದದ್ದು 1952ರಲ್ಲಿ. ಆಮೇಲೆ ಅದರ ಗುರುತಾಗಿ ಕೆಂಪು ತ್ರಿಕೋನ ಬಂತು, ಗೋಡೆ ಗೋಡೆಯ ಮೇಲೆ "ಆರತಿಗೊಬ್ಬಳು, ಕೀರ್ತಿಗೊಬ್ಬ" ಬಂತು. 1968ರಲ್ಲಿ ಸರ್ಕಾರದ ಕಾಂಡೋಮ್ ನಿರೋಧ್ ಬೀಡಾ ಅಂಗಡಿಗೂ ಬಂತು. ಇಷ್ಟೆಲ್ಲ ಮುಂದಿದ್ದ ನಾಡು ನಮ್ಮದು. ಆದರೆ ಆ ಗೋಡೆಬರಹ ಮಾತಾಡಿದ್ದು ಯಾರ ಜೊತೆ? ಎರಡು ಮಕ್ಕಳಾದ ಗಂಡ ಹೆಂಡತಿ ಜೊತೆ. ಅದರ ಫಲ ಇವತ್ತಿಗೂ ಕಾಣುತ್ತದೆ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ವಿಧಾನ ಒಂದೇ, ಆಪರೇಷನ್. ಗಂಡಸರ ಆಪರೇಷನ್ ಲೆಕ್ಕಕ್ಕೇ ಸಿಗುವುದಿಲ್ಲ. ಬೇಗ ಮದುವೆ, ಬೇಗ ಎರಡು ಹೆರಿಗೆ, ಇಪ್ಪತ್ತೈದರ ಆಸುಪಾಸಿಗೆ ಆಪರೇಷನ್, ಮುಗಿಯಿತು.

ಅಂದಮೇಲೆ ನಿಮ್ಮ ತರಗತಿಯ ಹುಡುಗಿ ತಾಯಿಯನ್ನು ಕೇಳಿದಳು ಅಂತಲೇ ಇಟ್ಟುಕೊಳ್ಳಿ, ಸಂಕೋಚ ಬಿಟ್ಟು. ತಾಯಿಗೆ ಹೇಳಲು ಏನಿದೆ? ಮೊದಲ ಮಗುವನ್ನು ಮುಂದೂಡುವುದು, ಒಂದು ಮಗುವಿಗೂ ಇನ್ನೊಂದಕ್ಕೂ ಅಂತರ ಇಡುವುದು, ಇವೆರಡೂ ಆಕೆಯ ಬದುಕಿನಲ್ಲಿ ಬರಲೇ ಇಲ್ಲ. ತಾಯಂದಿರೇ ಹೇಳಿಕೊಡಲಿ ಎಂದು ನಾವು ಜಾರಿಕೊಳ್ಳುತ್ತೇವಲ್ಲ, ಆ ತಾಯಿಗೂ ಯಾರೂ ಹೇಳಿಕೊಟ್ಟಿಲ್ಲ.

ಶಾಲೆಗಳಿಗೆ ಹೋದಾಗ ನಾನು ಒಂದು ಡಬ್ಬಿ ಇಡುತ್ತೇನೆ. ಹೆಸರು ಬರೆಯದೆ ಪ್ರಶ್ನೆ ಹಾಕಿ ಎನ್ನುತ್ತೇನೆ. ಎಲ್ಲರಿಗೂ ಚೀಟಿ ಕೊಡಬೇಕು, ಪ್ರಶ್ನೆ ಇಲ್ಲದವರು ಖಾಲಿ ಚೀಟಿ ಮಡಿಸಿ ಹಾಕಬೇಕು. ಇಲ್ಲದಿದ್ದರೆ ಯಾರು ಬರೆದರು ಎಂದು ಪಕ್ಕದವರಿಗೆ ಗೊತ್ತಾಗಿಬಿಡುತ್ತದೆ. ಮತ್ತೆ ಮತ್ತೆ ಬರುವ ಕೆಲವು ಪ್ರಶ್ನೆಗಳನ್ನು, ನಾನು ಕೊಡುವ ಉತ್ತರದ ಸಮೇತ ಹೇಳುತ್ತೇನೆ. ಬೇಕಾದರೆ ಬರೆದುಕೊಳ್ಳಿ.

"ಮೊದಲನೇ ಸಲಕ್ಕೆ ಗರ್ಭ ನಿಲ್ಲಲ್ವಂತೆ, ನಿಜವಾ?" ಸುಳ್ಳು. ಅಂಡ ಬಿಡುಗಡೆಯಾಗುವ ಹೊತ್ತಿಗೆ ವೀರ್ಯಾಣು ಅಲ್ಲಿದ್ದರೆ ಸಾಕು, ಅದಕ್ಕೆ ಮೊದಲನೆಯದು ಹತ್ತನೆಯದು ಗೊತ್ತಿಲ್ಲ. ಮುಟ್ಟು ಶುರುವಾಗುವ ಮೊದಲೇ ಅಂಡ ಬಿಡುಗಡೆ ಆಗಿರಬಹುದು, ಹಾಗಾಗಿ ಇನ್ನೂ ದೊಡ್ಡವಳಾಗಿಲ್ಲ ಎಂಬುದೂ ರಕ್ಷಣೆಯಲ್ಲ.

"ಸೇಫ್ ದಿನಗಳು ಯಾವುವು?" ಇದು ಯೂಟ್ಯೂಬ್ ಪಾಂಡಿತ್ಯ. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಮುಂದಿನ ಮುಟ್ಟು ಯಾವಾಗ ಎಂದು ಗೊತ್ತಿದ್ದರೆ ತಾನೇ ಹಿಂದಕ್ಕೆ ಎಣಿಸುವುದು? ಮುಟ್ಟು ಶುರುವಾದ ಮೊದಲ ವರ್ಷಗಳಲ್ಲಿ ಒಂದು ಸಲ 21 ದಿನಕ್ಕೆ, ಇನ್ನೊಂದು ಸಲ 45 ದಿನಕ್ಕೆ ಬರುವುದು ಮಾಮೂಲು. ವೀರ್ಯಾಣು ಐದು ದಿನದವರೆಗೂ ಬದುಕಿರಬಲ್ಲದು. ಈ ವಯಸ್ಸಿನಲ್ಲಿ ಕ್ಯಾಲೆಂಡರ್ ನಂಬುವಂತಿಲ್ಲ.

"ಎರಡು ಕಾಂಡೋಮ್ ಹಾಕಿದ್ರೆ ಇನ್ನೂ ಗ್ಯಾರಂಟಿಯಾ?" ಇಲ್ಲ, ಒಂದಕ್ಕೊಂದು ಉಜ್ಜಿ ಹರಿಯುವ ಸಾಧ್ಯತೆಯೇ ಹೆಚ್ಚು. ಒಂದನ್ನೇ ಪ್ರತಿ ಸಲವೂ ಸರಿಯಾಗಿ ಬಳಸಿದರೆ ಒಂದು ವರ್ಷದಲ್ಲಿ ನೂರಕ್ಕೆ ಇಬ್ಬರಲ್ಲಿ ಗರ್ಭ ನಿಲ್ಲಬಹುದು. ಜನ ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ ಅದು ನೂರಕ್ಕೆ 13. ಈ ಎರಡು ಸಂಖ್ಯೆಗಳ ನಡುವಿನ ಅಂತರ ಇದೆಯಲ್ಲ, ಅದು ರಬ್ಬರಿನ ದೋಷವಲ್ಲ, ತಿಳಿವಳಿಕೆಯ ದೋಷ. ಪರ್ಸಿನಲ್ಲಿಟ್ಟು ಬಿಸಿಲಲ್ಲಿ ತಿರುಗಾಡಿದ್ದು, ದಿನಾಂಕ ಮುಗಿದದ್ದು, ಅರ್ಧದಲ್ಲಿ ಹಾಕಿಕೊಂಡದ್ದು. ಇನ್ನೊಂದು ಮಾತನ್ನು ಇದರ ಜೊತೆಗೇ ಹೇಳಿ: ಎಚ್‌ಐವಿ ಮತ್ತು ಇತರ ಲೈಂಗಿಕ ಸೋಂಕು ತಡೆಯುವುದು ಈ ಎಲ್ಲ ವಿಧಾನಗಳಲ್ಲಿ ಕಾಂಡೋಮ್ ಒಂದೇ. ಮಾತ್ರೆ, ವಂಕಿ (ಕಾಪರ್-ಟಿ), ಇಂಜೆಕ್ಷನ್ ಯಾವುದೂ ತಡೆಯುವುದಿಲ್ಲ.

"ಮಾತ್ರೆ ನುಂಗಿದ್ರೆ ಮುಂದೆ ಮಕ್ಕಳೇ ಆಗಲ್ವಾ?" ಆಗುತ್ತವೆ. ಮಾಲಾ-ಎನ್ ಪಟ್ಟಿಯಲ್ಲಿ 28 ಮಾತ್ರೆ ಇರುತ್ತವೆ, 21ರಲ್ಲಿ ಹಾರ್ಮೋನು, ಉಳಿದ ಏಳು ಕಬ್ಬಿಣಾಂಶದ್ದು. ನಿಲ್ಲಿಸಿದ ಮೇಲೆ ಗರ್ಭ ನಿಲ್ಲುತ್ತದೆ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್ ಆದರೆ ಕೆಲವು ತಿಂಗಳು ತಡವಾಗಬಹುದು, ಅಷ್ಟೆ. ಛಾಯಾ ಎಂಬ ಮಾತ್ರೆಯಲ್ಲಿ ಹಾರ್ಮೋನೇ ಇಲ್ಲ. ಅದು ನಮ್ಮ ದೇಶದ್ದೇ, ಲಖನೌದ ಸಂಶೋಧನಾಲಯದಲ್ಲಿ ಆದದ್ದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು.

ಇನ್ನು ಐ-ಪಿಲ್ ಬಗ್ಗೆ. ಡಬ್ಬಿಯಲ್ಲಿ ಹೆಚ್ಚು ಬರುವುದು ಇದರ ಪ್ರಶ್ನೆಯೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇದು ತುರ್ತು ಗರ್ಭನಿರೋಧಕ ಮಾತ್ರೆ, ಒಳಗಿರುವುದು ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನು, 1.5 ಮಿಲಿಗ್ರಾಂ. ಡಾಕ್ಟರ ಚೀಟಿ ಇಲ್ಲದೆ ಸಿಗುತ್ತದೆ. ಆಶಾ ಕಾರ್ಯಕರ್ತೆಯರ ಹತ್ತಿರ ಇರುವುದು ಈಝಿ ಪಿಲ್, ಒಳಗಿರುವುದು ಅದೇ ಔಷಧ. ಅಸುರಕ್ಷಿತ ಸಂಪರ್ಕವಾದ 72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಅದರ ಕೆಲಸ ಅಂಡ ಬಿಡುಗಡೆಯನ್ನು ಮುಂದಕ್ಕೆ ತಳ್ಳುವುದು. ಅಂಡ ಆಗಲೇ ಬಿಡುಗಡೆಯಾಗಿದ್ದರೆ ನೆಚ್ಚುವಂತಿಲ್ಲ. ಗರ್ಭ ನಿಂತಿದ್ದರೆ ಅದನ್ನು ತೆಗೆಯುವುದಿಲ್ಲ, ಹಾನಿಯನ್ನೂ ಮಾಡುವುದಿಲ್ಲ. ಇವತ್ತು ತೆಗೆದುಕೊಂಡದ್ದು ಮುಂದಿನ ವಾರಕ್ಕೆ ಕಾವಲು ಕೂರುವುದಿಲ್ಲ. ಪದೇ ಪದೇ ತೆಗೆದುಕೊಂಡರೆ ಮುಟ್ಟು ಏರುಪೇರಾಗುತ್ತದೆ, ಮಾಮೂಲಿ ವಿಧಾನಗಳಷ್ಟು ಪರಿಣಾಮವೂ ಇಲ್ಲ. ಬಂಜೆತನ ಬರುತ್ತದೆ ಎಂಬುದು ಮಾತ್ರ ಸುಳ್ಳು, ಹೆದರಿಸುವುದಕ್ಕೂ ಅದನ್ನು ಹೇಳಬೇಡಿ. ಒಂದು ಸುಳ್ಳು ಹೇಳಿದಿರಿ ಎಂದು ಮಕ್ಕಳಿಗೆ ಗೊತ್ತಾದರೆ ನೀವು ಹೇಳಿದ ಹತ್ತು ನಿಜವೂ ಹೋಯಿತು.

ಇದನ್ನು ಗರ್ಭಪಾತದ ಮಾತ್ರೆಯ ಜೊತೆ ಬೆರೆಸಿಕೊಳ್ಳುವುದೇ ದೊಡ್ಡ ಅಪಾಯ. ಮಿಫೆಪ್ರಿಸ್ಟೋನ್, ಮಿಸೊಪ್ರೊಸ್ಟಾಲ್ ಇರುವ ಕಿಟ್ ಬೇರೆಯದೇ. ಅದನ್ನು ವೈದ್ಯರ ನಿಗಾದಲ್ಲಿ, ಗರ್ಭ ಎಷ್ಟು ವಾರದ್ದು ಎಂದು ನೋಡಿ ಕೊಡಬೇಕು. ಕದ್ದುಮುಚ್ಚಿ ತಂದು ನುಂಗಿ, ಹೊಟ್ಟೆನೋವು ಎಂದು ಎರಡು ದಿನ ಶಾಲೆ ತಪ್ಪಿಸಿ, ಮೂರನೇ ದಿನ ರಕ್ತ ಹೋಗಿ ಬಿಳಿಚಿಕೊಂಡು ಆಸ್ಪತ್ರೆಗೆ ಬರುವ ಹುಡುಗಿಯರನ್ನು ನನ್ನ ವೃತ್ತಿಯ ಎಲ್ಲರೂ ನೋಡಿದ್ದಾರೆ. ಗರ್ಭ ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರಂತೂ ಜೀವಕ್ಕೇ ಸಂಚಕಾರ. ಮುಟ್ಟು ಒಂದು ವಾರ ತಡವಾದರೆ ಮೊದಲು ಮೂತ್ರ ಪರೀಕ್ಷೆ ಮಾಡಬೇಕು, ಆಶಾ ಹತ್ತಿರ ನಿಶ್ಚಯ್ ಕಿಟ್ ಇರುತ್ತದೆ. ಈ ಒಂದು ವಾಕ್ಯ ಗೊತ್ತಿಲ್ಲದೆ ಐದನೇ ತಿಂಗಳವರೆಗೆ ಸುಮ್ಮನಿದ್ದವರಿದ್ದಾರೆ.

ಗಂಡುಮಕ್ಕಳ ಮಾತು. ಹೆಣ್ಣುಮಕ್ಕಳನ್ನು ಮಾತ್ರ ಕೂರಿಸಿ, ಹುಡುಗರನ್ನು ಆಟದ ಮೈದಾನಕ್ಕೆ ಕಳಿಸುವ ಪದ್ಧತಿ ಇದೆಯಲ್ಲ, ಅದು ನನಗೆ ಸ್ವಲ್ಪವೂ ಸರಿಬರುವುದಿಲ್ಲ. ಗರ್ಭನಿರೋಧಕ ಹೆಂಗಸರ ಉಸಾಬರಿ, ಗಂಡಸಿಗೆ ಅದರ ಚಿಂತೆ ಬೇಡ ಎಂದು ಒಪ್ಪಿದ ಗಂಡಸರು ಅದೇ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು. ಇವರೆಲ್ಲ ಒಂದು ಕಾಲಕ್ಕೆ ಆ ಮೈದಾನದಲ್ಲಿ ಕಬಡ್ಡಿ ಆಡುತ್ತಿದ್ದವರೇ. ಹುಡುಗರ ಚೀಟಿಗಳು ಓದಿದರೆ ಸಂಕಟವಾಗುತ್ತದೆ. ಅವರ ಮೇಷ್ಟ್ರು ಫೋನು. ಅಲ್ಲಿ ನೋಡಿದ್ದರಲ್ಲಿ ಕಾಂಡೋಮೂ ಇಲ್ಲ, ಬೇಡ ಎಂದವಳ ಮಾತಿಗೆ ಬೆಲೆಯೂ ಇಲ್ಲ. ಎರಡನೆಯದನ್ನು ಕಲಿಸದೆ ಮೊದಲನೆಯದನ್ನು ಮಾತ್ರ ಕಲಿಸಿದರೆ ನಾನು ಅದನ್ನು ಪಾಠ ಎನ್ನುವುದಿಲ್ಲ. ನಾಚಿಕೆ ಹೆಚ್ಚಿದ್ದರೆ ಮೊದಲ ಪೀರಿಯಡ್ ಬೇರೆ ಬೇರೆ ಮಾಡಿ, ಎರಡನೆಯದಕ್ಕೆ ಒಟ್ಟಿಗೆ ಕೂರಿಸಿ.

ಈಗ ನಿಮ್ಮ ಮುಖದಲ್ಲಿರುವ ಭಯಕ್ಕೆ ಬರುತ್ತೇನೆ, ಪೋಕ್ಸೊ. ಕಾಯ್ದೆ 2012ರದ್ದು. 18ರ ಒಳಗಿನವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ, ಇಬ್ಬರೂ ಹದಿನೇಳರವರಾಗಿದ್ದರೂ ಅಷ್ಟೇ. 19ನೇ ಕಲಂ ಪ್ರಕಾರ ಅಪರಾಧ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ. ಪಠ್ಯದಲ್ಲಿರುವುದನ್ನು ತರಗತಿಗೆಲ್ಲ ಪಾಠ ಮಾಡುವುದು ಇದರಡಿ ಬರುವುದಿಲ್ಲ. ಆದರೆ ಒಂದು ಮಗು ನಿಮ್ಮ ಹತ್ತಿರ ಬಂದು ತನಗೆ ಆದದ್ದನ್ನು ಹೇಳಿದರೆ ಆಗ ನಿಮ್ಮ ಕರ್ತವ್ಯ ಬದಲಾಗುತ್ತದೆ. "ಯಾರಿಗೂ ಹೇಳಲ್ಲ" ಎಂದು ಮೊದಲೇ ಮಾತು ಕೊಡಬೇಡಿ. "ನಿನಗೆ ಸಹಾಯ ಮಾಡಬೇಕಾದವರಿಗೆ ಮಾತ್ರ ಹೇಳ್ತೀನಿ" ಅನ್ನಿ.

ಆಗ ಗಡಿಯಾರ ನೋಡಿಕೊಳ್ಳಿ. ಶನಿವಾರ ಸಂಜೆ ನಡೆದದ್ದನ್ನು ಮಗು ಸೋಮವಾರ ಸಂಜೆ ಹೇಳಿದರೆ ಉಳಿದಿರುವುದು ಒಂದೇ ದಿನ. ತುರ್ತು ಮಾತ್ರೆಗೂ 72 ಗಂಟೆ, ಎಚ್‌ಐವಿ ತಡೆಯುವ ಔಷಧ ಶುರುಮಾಡುವುದಕ್ಕೂ 72 ಗಂಟೆ. ಹೆಡ್‌ಮಾಸ್ಟರ್ ಬರಲಿ, ಪೋಷಕರ ಸಭೆ ಆಗಲಿ, ಊರಿನ ಹಿರಿಯರು ಕೂತು ಮಾತಾಡಲಿ ಎನ್ನುತ್ತ ಕಳೆಯುವುದು ಆ ಗಂಟೆಗಳನ್ನೇ. ಎಫ್‌ಐಆರ್ ಇಲ್ಲ ಎಂದು ಚಿಕಿತ್ಸೆ ನಿರಾಕರಿಸುವಂತಿಲ್ಲ, ಸರ್ಕಾರಿ ಆಸ್ಪತ್ರೆಯೂ ಸರಿ, ಖಾಸಗಿಯೂ ಸರಿ, ಉಚಿತವಾಗಿ ನೋಡಲೇಬೇಕು. ಮಕ್ಕಳ ಸಹಾಯವಾಣಿ 1098.

ಈ ಕಾನೂನಿಗೆ ಇನ್ನೊಂದು ಮುಖವೂ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಪೊಲೀಸರಿಗೆ ಹೋಗುತ್ತದೆ ಎಂಬ ಭಯಕ್ಕೆ ಹದಿನೇಳರ ಹುಡುಗಿ ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ, ಗರ್ಭಪಾತದ ಕಿಟ್ ಹುಡುಕುತ್ತಾಳೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಇದನ್ನು ಗಮನಿಸಿಯೇ, ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಪೋಷಕರು ಕೇಳಿಕೊಂಡರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ವೈದ್ಯರು ಆಕೆಯ ಹೆಸರು, ಗುರುತು ಬರೆಯಬೇಕಿಲ್ಲ ಎಂದು ಹೇಳಿತು. ಇದು ಗೊತ್ತಿರುವ ವೈದ್ಯರೇ ಕಡಿಮೆ. ನೀವಾದರೂ ತಿಳಿದಿರಿ.

ಬಾಲ್ಯವಿವಾಹದ ಹುಡುಗಿಯದು ಇನ್ನೂ ಕಷ್ಟ. ಅದೇ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24ರ ಹೆಂಗಸರಲ್ಲಿ ನೂರಕ್ಕೆ 21 ಜನಕ್ಕೆ 18ರ ಒಳಗೇ ಮದುವೆಯಾಗಿತ್ತು. ಹಿಂದಿನ ಸಮೀಕ್ಷೆಗೂ ಇದಕ್ಕೂ ಹೆಚ್ಚು ವ್ಯತ್ಯಾಸವೇ ಇಲ್ಲ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಅಸಿಂಧು. ಆದರೆ ಕಾಗದದ ಮೇಲೆ ಆಗದ ಮದುವೆಯಿಂದ ಮನೆಯಲ್ಲಿ ಮಗು ಹುಟ್ಟುತ್ತದೆ. ಎಸ್‌ಎಸ್‌ಎಲ್‌ಸಿ ಮುಗಿಸಿದ ಬೇಸಿಗೆಯಲ್ಲಿ ಮದುವೆ, ವರ್ಷದೊಳಗೆ "ಏನೂ ವಿಶೇಷ ಇಲ್ವಾ?" ಎಂಬ ಅತ್ತೆಯ ಪ್ರಶ್ನೆ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೇ ಮಾತ್ರೆ, ಕಾಂಡೋಮ್ ತಂದುಕೊಡುವ ವ್ಯವಸ್ಥೆ ಇದೆ, ಆದರೆ ಈ ಸೊಸೆಯನ್ನು ಆಕೆಗೆ ತೋರಿಸುವುದೇ ಇಲ್ಲ, ತೋರಿಸಿದರೆ ವಯಸ್ಸು ಗೊತ್ತಾಗುತ್ತದೆ. ಆಮೇಲೆ ಬಸುರಾದಾಗ ತಾಯಿ ಕಾರ್ಡಿನಲ್ಲಿ ಹತ್ತೊಂಬತ್ತು ಎಂದು ಬರೆಸುತ್ತಾರೆ. ನಿಮ್ಮ ದಾಖಲಾತಿ ರಿಜಿಸ್ಟರಿನಲ್ಲಿ ಅವಳಿಗೆ ಇನ್ನೂ ಹದಿನಾರು. ಈ ಹುಡುಗಿಗೆ ಗರ್ಭನಿರೋಧಕದ ಬಗ್ಗೆ ನೆಟ್ಟಗೆ ಹೇಳಬಹುದಾದ ಕೊನೆಯ ಜಾಗ ನಿಮ್ಮ ತರಗತಿಯಾಗಿತ್ತು.

ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ ಎಂಬ ಮಾತು ಹೊಸದೇನಲ್ಲ. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ಯುನೆಸ್ಕೊ 2018ರಲ್ಲಿ ಹೊರತಂದ ಮಾರ್ಗಸೂಚಿ, ಇಂಥ ಶಿಕ್ಷಣದಿಂದ ಲೈಂಗಿಕ ಚಟುವಟಿಕೆ ಬೇಗ ಶುರುವಾಗುವುದಿಲ್ಲ, ಹೆಚ್ಚುವುದೂ ಇಲ್ಲ ಎಂದೇ ಹೇಳುತ್ತದೆ. ಇದರ ಬಗ್ಗೆ ಇನ್ನು ವಾದ ಬೆಳೆಸುವುದಿಲ್ಲ. ಪ್ರೌಢಶಾಲೆಯ ಮಕ್ಕಳಿಗೆ ಲೈಂಗಿಕ ಸಂಬಂಧ ಮುಂದೂಡುವುದೇ ಒಳ್ಳೆಯದು ಎಂದು ನಾನೂ ಹೇಳುತ್ತೇನೆ, ಚೀಟಿಗಳಿಗೆ ಉತ್ತರ ಕೊಡುವಾಗ ಅದನ್ನೇ ಮೊದಲು ಹೇಳುತ್ತೇನೆ. ಆದರೆ ಅಷ್ಟಕ್ಕೇ ನಿಲ್ಲಿಸುವುದಿಲ್ಲ.

ಕೊನೆಯ ಸಾಲಿನ ಮೇಡಂ ಕೇಳಿದರು, ಹೆಡ್‌ಮಾಸ್ಟರ್ ಬೇಡ ಅಂದರೆ ಏನು ಮಾಡೋದು ಅಂತ. ಪಠ್ಯಪುಸ್ತಕ ತೆಗೆದುಕೊಂಡು ಹೋಗಿ ಅವರ ಟೇಬಲ್ ಮೇಲೆ ಆ ಪುಟ ಬಿಚ್ಚಿಡಿ. ಎಸ್‌ಡಿಎಂಸಿಯವರಿಗೂ (ಶಾಲಾಭಿವೃದ್ಧಿ ಸಮಿತಿ) ಅದನ್ನೇ ತೋರಿಸಿ. 2020ರಿಂದ ಆಯುಷ್ಮಾನ್ ಭಾರತ್‌ನ ಶಾಲಾ ಆರೋಗ್ಯ ಕಾರ್ಯಕ್ರಮದಡಿ ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳಾಗಿ ಮಾಡಬೇಕು ಎಂದಿದೆ, ನಿಮ್ಮ ಶಾಲೆಯಲ್ಲಿ ಅವರು ಯಾರು ಎಂದು ಕೇಳಿ. ನಿಮಗೆ ಬಾಯಿ ಬಾರದ ಭಾಗಕ್ಕೆ ಹತ್ತಿರದ ಪಿಎಚ್‌ಸಿಯವರನ್ನು ಕರೆಯಿರಿ. ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್ ಇರುವುದೇ 10ರಿಂದ 19ರ ಮಕ್ಕಳಿಗಾಗಿ. ಅದು ತೆರೆದಿರುವ ಹೊತ್ತನ್ನು ನೋಟಿಸ್ ಬೋರ್ಡಿಗಿಂತ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲ ಒಳಗೆ ಅಂಟಿಸಿ. ಅಲ್ಲಿ ನಿಂತು ಓದಿದರೆ ಯಾರೂ ನೋಡುವುದಿಲ್ಲ.

ಈಗ ಮುಂದಿನ ಸಾಲಿನಿಂದ ಒಂದು ಟ್ರೇ ಬರುತ್ತದೆ. ನಿರೋಧ್, ಮಾಲಾ-ಎನ್, ಛಾಯಾ, ಈಝಿ ಪಿಲ್, ಕಾಪರ್-ಟಿ, ಎಲ್ಲ ಇವೆ. ಹಾಗೇ ಪಕ್ಕಕ್ಕೆ ದಾಟಿಸಬೇಡಿ. ನಿಮ್ಮಲ್ಲಿ ಅನೇಕರು ಕಾಪರ್-ಟಿಯನ್ನು ಕೈಯಲ್ಲಿ ಹಿಡಿದಿರಲಿಕ್ಕಿಲ್ಲ, ಅದು ಎಷ್ಟು ಚಿಕ್ಕದು ಎಂದು ನೋಡಿ. ಪೊಟ್ಟಣಗಳ ಹಿಂದೆ ಮುದ್ರಿಸಿರುವ ದಿನಾಂಕ ಹುಡುಕಿ ಗಟ್ಟಿಯಾಗಿ ಓದಿ. ಎರಡು ಪೊಟ್ಟಣ ಬೇಕೆಂದೇ ಅವಧಿ ಮುಗಿದವು ಸೇರಿಸಿದ್ದೇನೆ, ಸಿಕ್ಕವರು ಕೈ ಎತ್ತಿ.